ಒಂಬತ್ತನೆಯ ಹೆಂಗಸು

ಅವ್ವಾ,

ನಿನ್ನ ಡಾಕ್ಟರ ಸಂಶೋಧನಾ ಲೇಖನ ಪ್ರಕಟವಾಗಿದೆ. ಕರುಳು, ಸ್ತನ ಎರಡರಲ್ಲೂ ಕ್ಯಾನ್ಸರ್ ಬಂದಿದ್ದ ಒಂಬತ್ತು ಹೆಂಗಸರೂ ಐದು ವರ್ಷದ ನಂತರ ಬದುಕಿದ್ದಾರಂತೆ. ಅವರಲ್ಲಿ ನೀನೂ ಒಬ್ಬಳು. ಅವರ ಅಧ್ಯಯನಕ್ಕೆ ಸೇರುವ ಒಪ್ಪಿಗೆಗೆ ನೀನು ಸಹಿ ಹಾಕಿದಾಗ ನಾನೇ ಪಕ್ಕದಲ್ಲಿದ್ದೆ. ಆದರೆ ನೀನು ಮೂರನೇ ವರ್ಷವೇ ಹೋದೆ. ಹೆಸರು ಮಾಡಲು ಸತ್ತವರನ್ನೂ ಬದುಕಿಸುತ್ತಾರಲ್ಲ ಎಂದು ಮೈ ಉರಿಯಿತು.

ಇವತ್ತು ರಾಜಾಜಿನಗರದ ಕ್ಲಿನಿಕ್ಕಿಗೇ ಹೋಗಿ, "ನಮ್ಮವ್ವ ಮೂರನೇ ವರ್ಷಾನೇ ತೀರ್ಕೊಂಡ್ರು. ಸುಳ್ಳು ಬರ್ದಿದೀರಲ್ಲ ಸಾರ್?" ಎಂದೆ. ಅವರು ರೇಗಲಿಲ್ಲ. ನರ್ಸ್ ದಾನಮ್ಮನಿಂದ ನಿನ್ನ ಫೈಲ್ ತರಿಸಿದರು.

"ವರ್ಷಕ್ಕೊಂದ್ಸಲ ಇವರು ಫೋನ್ ಮಾಡಿ ವಿಚಾರಿಸ್ತಾರಮ್ಮ. ನೀವೇ ಓದಿ," ಎಂದರು ಡಾಕ್ಟರು.

ನಾಲ್ಕನೇ ವರ್ಷ, ಐದನೇ ವರ್ಷ, ಎರಡರಲ್ಲೂ ದಾನಮ್ಮ ಬರೆದಿದ್ದು ಒಂದೇ: ರೋಗಿಯೇ ಮಾತಾಡಿದರು, ಚೆನ್ನಾಗಿದ್ದೇನೆ ಎಂದರು.

ನಿನ್ನ ಫೋನನ್ನು ನಾನಿನ್ನೂ ಚಾರ್ಜ್ ಮಾಡುತ್ತೇನೆ ಅವ್ವಾ. "ಗಿರಿಜಾದೇವಿಯವರಾ? ಹೇಗಿದೀರಾ?" ಎಂದು ಅಷ್ಟು ಅಕ್ಕರೆಯಿಂದ ಕೇಳಿದವರಿಗೆ ನೀನಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

"ಹಾಗಾದ್ರೆ ಮಾತಾಡಿದ್ದು ಯಾರು?" ಎಂದು ಡಾಕ್ಟರು ಕೇಳಿದರು.

"ನಂಗೇನ್ ಗೊತ್ತು ಸಾರ್?" ಎಂದೆ.

ಅವರು ನಿಧಾನವಾಗಿ ದಾನಮ್ಮನ ಕಡೆ ತಿರುಗಿದರು. ನಾನು ಫೈಲ್ ಮುಚ್ಚಿ ಎದ್ದು ಬಂದೆ.