ನಿಂತ ಕಾರಿನ ಹಿಂದಿನ ಸೀಟು

ನವೆಂಬರ್ 14, ಗುರುವಾರ

ಹಿಂದಿನ ಸೀಟಿಗೆ ಹತ್ತಕ್ಕೆ ಒಂಬತ್ತು ಅಂಕ ಬರೆದಿದ್ದೆ. ಮಧ್ಯಾಹ್ನದಿಂದ ಅದೇ ಕೊರೆಯುತ್ತಿದೆ.

ವಿಮರ್ಶೆ ಬರೆಯಲೆಂದು ಐದು ದಿನ ಓಡಿಸಿ ನೋಡಿದ ದುಬಾರಿ ಎಸ್‌ಯುವಿಯನ್ನು ಇವತ್ತು ಕಂಪನಿಗೆ ಹಿಂದಿರುಗಿಸಬೇಕಿತ್ತು. ಮಣಿಕಟ್ಟು ನೋಯುತ್ತಿತ್ತೆಂದು ಸ್ಟೀರಿಂಗನ್ನು ನಮ್ಮ ಫೋಟೋಗ್ರಾಫರ್‌ಗೆ ಒಪ್ಪಿಸಿದೆ. ಮುಂದಿನ ಸೀಟಿನ ತುಂಬ ಅವನ ಕ್ಯಾಮೆರಾ ಚೀಲಗಳು, ಹಾಗಾಗಿ ನಾನು ಹಿಂದೆ. ಮೆತ್ತನೆಯ ಚರ್ಮ, ಕಾಲು ಚಾಚುವಷ್ಟು ಜಾಗ, ಯಾವುದಕ್ಕೂ ಕೊರತೆಯಿಲ್ಲ. ಹತ್ತೇ ನಿಮಿಷಕ್ಕೆ ಹೊಟ್ಟೆ ತೊಳಸತೊಡಗಿತು. ಸ್ಟೀರಿಂಗ್ ಹಿಡಿದವನಿಗೆ ಗೊತ್ತೇ ಆಗದ ಓಲಾಟ ಹಿಂದೆ ಕೂತವನನ್ನು ತೊಟ್ಟಿಲಿಗೆ ಹಾಕಿ ತೂಗುತ್ತದೆ.

"ಸ್ವಲ್ಪ ನಿಲ್ಸಪ್ಪಾ" ಎಂದೆ.

"ಏನ್ ಸಾರ್, ನೀವೇ ಒಂಬತ್ತು ಕೊಟ್ಟಿರೋ ಸೀಟಲ್ವಾ!" ಎಂದು ನಕ್ಕ.

ಹನ್ನೊಂದು ವರ್ಷದಿಂದ ಕಾರು ಕೊಳ್ಳುವವರಿಗಾಗಿ ಬರೆಯುತ್ತಿದ್ದೇನೆ. ಹಿಂದಿನ ಸೀಟನ್ನು ಪರೀಕ್ಷಿಸಿದ್ದೆಲ್ಲ ಕಾರು ನಿಂತಿದ್ದಾಗ, ಕೈಯಲ್ಲಿ ಅಳತೆಯ ಟೇಪು ಹಿಡಿದು. ಓದುಗರ ಮಾತು ಹಾಗಿರಲಿ, ನನ್ನನ್ನು ನಂಬಿ ಅಕ್ಕನೂ ಇಂಥದ್ದೇ ಒಂದನ್ನು ಕೊಂಡಳು. ಹಿಂದೆ ಕೂತರೆ ತನ್ನ ಅತ್ತೆಗೆ ಹೊಟ್ಟೆ ತೊಳಸುತ್ತದೆ ಎಂದು ಅವಳು ಹೇಳಿದಾಗ, "ವಯಸ್ಸಾಯ್ತಲ್ಲ, ಅದಕ್ಕೇ" ಎಂದು ಅತ್ತೆಯೆದುರೇ ತೇಲಿಸಿಬಿಟ್ಟಿದ್ದೆ. ಆಮೇಲೆ ಅವರು ಕಾರು ಹತ್ತುವುದನ್ನೇ ಬಿಟ್ಟರು.

ಅಂಕವನ್ನು ನಾಲ್ಕಕ್ಕೆ ಇಳಿಸಿದೆ. ಆದರೂ ಸಮಾಧಾನವಾಗದೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ಅರ್ಧ ಕೇಳಿ, "ನಂಗ್ಯಾಕೆ ಹೇಳ್ತೀಯ, ಅವ್ರಿಗೇ ಹೇಳು" ಎಂದು ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ಮೊದಲಿಂದ ಎಲ್ಲ ಒಪ್ಪಿಸಿದೆ. ಅವರು ಸಾವಧಾನವಾಗಿ ಕೇಳಿಸಿಕೊಂಡರು.

"ಅಯ್ಯೋ ಪಾಪ," ಎಂದರು, "ನಿಂಗೂ ವಯಸ್ಸಾಯ್ತೇನಪ್ಪಾ?"