ಬಾಗಿಲು ತೆರೆಯುವ ಬೆಕ್ಕು

ಸೆಮರಾಂಗ್, ಬುಧವಾರ

ಪ್ರೀತಿಯ ಗುನಾದಿ ಅಣ್ಣನಿಗೆ,

ಈದ್ ರಜೆಗೆ ಬಂದಾಗ ನೀನು ಒಣಮೀನು ತೋರಿಸಿ, ಬಾಗಿಲ ಹಿಡಿಗೆ ಜೋತುಬಿದ್ದು ತೆರೆಯುವುದನ್ನು ನಮ್ಮ ಬೆಲಾಂಗ್ ಬೆಕ್ಕಿಗೆ ಕಲಿಸಿ ಹೋದೆಯಲ್ಲ, ಬೆಕ್ಕು ಅದನ್ನು ಮರೆತಿಲ್ಲ. ಮರೆವು ಇರುವುದು ಅಮ್ಮನಿಗೆ. ಬೆಕ್ಕು ಬಾಗಿಲು ತೆರೆದರೆ ಸಾಕು, ಅದರ ಹಿಂದೆಯೇ ಹೊರಟುಬಿಡುತ್ತಾಳೆ. ಬೀಗ ಹಾಕಿದರೆ ಬಾಗಿಲು ಬಡಿದು ಅಳುತ್ತಾಳೆ.

ಸೋಮವಾರ ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಇಬ್ಬರೂ ಇಲ್ಲ. ಎರಡು ಗಂಟೆ ಹುಡುಕಿದೆ. ಮೀನು ಮಾರುಕಟ್ಟೆಯ ಹತ್ತಿರ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಬರಿಗಾಲಲ್ಲಿ ಕೂತಿದ್ದಳು.

"ಎಲ್ಲಿಗೆ ಹೊರಟಿದ್ದೆ ಅಮ್ಮಾ?" ಅಂದೆ.

"ನೀನ್ಯಾರಮ್ಮಾ? ಬೇಗ ಮನೆಗೆ ಬಿಡು, ನನ್ ಮಗಳು ಬೈತಾಳೆ" ಅಂದಳು.

ನಿನ್ನೆ ಬಡಗಿಯನ್ನು ಕರೆಸಿ ದುಂಡನೆಯ ಹಿಡಿ ಹಾಕಿಸಿದೆ. ಬೆಕ್ಕು ಜಾರಿ ಜಾರಿ ಬಿದ್ದು ಕೂಗತೊಡಗಿತು. ಅಮ್ಮ ಎದ್ದು ಬಂದು, "ಅಯ್ಯೋ, ಇಷ್ಟೂ ಬರಲ್ವಾ ನಿಂಗೆ?" ಎಂದು ಹಿಡಿ ತಿರುಗಿಸಿ ತೆರೆದುಕೊಟ್ಟಳು.

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರ ಬಾ. ಬೆಕ್ಕನ್ನು ಒಯ್ಯುತ್ತೇನೆ ಅನ್ನಬೇಡ, ಅದಿಲ್ಲದೆ ಅಮ್ಮ ಊಟ ಮಾಡುವುದಿಲ್ಲ. ಒಂದು ದಿನ ಬಾಗಿಲ ಹತ್ತಿರ ನೀನು ಕೂತಿರು. ನಾನು ಮಲಗಬೇಕು.

ನಿನ್ನ ತಂಗಿ,
ರತ್ಮಿ