ಮಂಡಿಗೆ ಬಿಟ್ಟ ಎಣ್ಣೆ

ಅಪ್ಪಾ,

ನಾನು ಕೆಲಸಕ್ಕೆ ಹೊರಟೆ. ಊಟ ಮಂಚದ ಪಕ್ಕದ ಸ್ಟೂಲಿನ ಮೇಲೇ ಇದೆ, ಅಡುಗೆಮನೆಗೆ ಓಡಾಡಬೇಡ. ಫ್ಲಾಸ್ಕಿನಲ್ಲಿ ಇವತ್ತು ಐಸ್ ಇದೆ, ಟೀ ಎಂದು ಬಗ್ಗಿಸಿಕೊಳ್ಳಬೇಡ. ಬಟ್ಟೆಯಲ್ಲಿ ಸುತ್ತಿ ಮಂಡಿಗೆ ಇಟ್ಟುಕೋ. ನಿನ್ನೆಗಿಂತ ಹೆಚ್ಚು ಬಾತುಕೊಂಡರೆ ಫೋನ್ ಮಾಡು.

ಮಂಡಿಗೆ ಇಂಜೆಕ್ಷನ್ ಕೊಡುವಾಗ ಡಾಕ್ಟರು, "ಸವೆದ ಕೀಲಿಗೆ ಎಣ್ಣೆ ಬಿಟ್ಟ ಹಾಗೆ ಅಷ್ಟೇ, ಯಜಮಾನ್ರೇ" ಎಂದದ್ದು ದರ್ಜಿಯಾದ ನಿನಗೆ ಅರ್ಥವಾಗಲಿ ಎಂದು. ನೀನು ಅದನ್ನೇ ಹಿಡಿದುಕೊಂಡು, ಮನೆಗೆ ಬಂದವನೇ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಬಟ್ಟೆಯಿಲ್ಲದೆ ಪೆಡಲ್ ತುಳಿದೆಯಲ್ಲ! ಕೇಳಿದರೆ, "ಎಣ್ಣೆ ಬಿಟ್ಮೇಲೆ ಒಂಚೂರು ಓಡಿಸ್ಬೇಕು ಕಣೇ, ಎಲ್ಲಾ ಕಡೆ ಹರಡ್ಲಿ" ಅಂತೆ. ಎರಡು ದಿನ ಕಾಲಿಗೆ ಬಿಡುವು ಕೊಡಿ ಎಂದು ಡಾಕ್ಟರು ಹೇಳಿದ್ದು ಮಾತ್ರ ನಿನ್ನ ಕಿವಿಗೆ ಬೀಳಲಿಲ್ಲ.

ನೋವು ಇದಕ್ಕೂ ಜಗ್ಗದಿದ್ದರೆ ಆಪರೇಷನ್ನೇ ಗತಿ ಎಂದು ಅವರು ಹೇಳಿದಾಗ ನನ್ನ ಕೈ ಹಿಂಡಿದವರು ಯಾರು? ಬೆರಳು ಇನ್ನೂ ನೋಯುತ್ತಿದೆ.

ಗಿರಾಕಿಗಳು ಬಂದರೆ ಸೋಮವಾರ ಬನ್ನಿ ಎನ್ನು. ಮೆಷಿನ್ನಿನ ಬೆಲ್ಟ್ ಬಿಚ್ಚಿ ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಮಂಡಿಯೂರಿ ಮಂಚದ ಕೆಳಗೆಲ್ಲ ಹುಡುಕಬೇಡ.